ಗುಡ್ಡ ಹತ್ತಿದ ಊಟದ ಬಸ್ಸು

ಅವರು ನಿವೃತ್ತರಾದರಂತೆ. ಹೋದ ವಾರ ಹೊಸಪೇಟೆ ಬಸ್ ನಿಲ್ದಾಣದಲ್ಲಿ ಸಿಕ್ಕ ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದರು: "ಅಕ್ಕಾರು ಈಗ ಎಮ್ಮಿಗನೂರಾಗ ಮಗಳ ಮನ್ಯಾಗ ಅದಾರ. ಆರಾಮದಾರ." ನಿವೃತ್ತರಾದದ್ದನ್ನು ನಂಬಿದೆ. ಆರಾಮವಾಗಿದ್ದಾರೆ ಎಂಬುದನ್ನು ಮಾತ್ರ ನಂಬಲಾಗಲಿಲ್ಲ. ಆ ಮನೆಯ ಒಲೆ ಈ ಹೊತ್ತಿಗೆ ಎಷ್ಟು ಸಲ ಜಾಗ ಬದಲಿಸಿದೆಯೋ, ಅಳಿಯ ತನ್ನ ಚಪ್ಪಲಿ ಎಲ್ಲಿ ಎಂದು ಎಷ್ಟು ಸಲ ಕೇಳಿದ್ದಾನೋ!

ಈ ಚಪ್ಪಲಿಯ ದೂರು ಮೊದಲು ಅವರ ಯಜಮಾನರದು. ಸಂಡೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಮೆದು ಮಾತಿನ ಮನುಷ್ಯ. ನಾನು ಮೊದಲ ಸಲ ಅವರ ಮನೆಗೆ ಹೋದ ದಿನ, ಹೊರಗೆ ಹೋಗಲು ಸಿದ್ಧರಾಗಿ ಬರಿಗಾಲಲ್ಲಿ ನಿಂತಿದ್ದರು. "ನಮ್ಮ ಮನ್ಯಾಗ ಗೋಡಿ ಅಷ್ಟ ನೋಡ್ರಿ, ಕಟ್ಟಿದ ಜಾಗದಾಗ ಇರೂದು. ಉಳದದ್ದೆಲ್ಲಾ ವಾರಕ್ಕೊಮ್ಮೆ ತಿರಗತೈತಿ" ಎಂದರು. ಒಳಗಿನಿಂದ ಕೂಡಲೇ ಉತ್ತರ ಬಂತು: "ಗೋಡಿ ಮ್ಯಾಲೂ ಕಣ್ಣೈತಿ, ತಡ್ರಿ!"

ಅದಿರಿಗೆ ಬೆಲೆ ಬಂದು, ಸಂಡೂರಿನ ರಸ್ತೆಗಳೆಲ್ಲ ಲಾರಿಗಳಿಂದ ತುಂಬಿ, ಬಿಳಿ ಅಂಗಿ ತೊಟ್ಟವರೆಲ್ಲ ಸಂಜೆಗೆ ಕೆಂಪಾಗಿ ಮನೆ ಸೇರುತ್ತಿದ್ದ ವರ್ಷಗಳು ಅವು. ಧಾರವಾಡದಲ್ಲಿ ಎಂಬಿಎ ಮುಗಿಸಿಕೊಂಡು ಬಂದ ನನಗೆ ಒಂದು ಗಣಿ ಕಂಪನಿಯ ಸಿಬ್ಬಂದಿ ವಿಭಾಗದಲ್ಲಿ ಕೆಲಸ ಸಿಕ್ಕಿತು. ಚಿತ್ತವಾಡ್ಗಿಯ ನಮ್ಮ ಮನೆಯಿಂದ ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಬಿಸಿಲೇರುವ ಮುಂಚೆ ಗುಡ್ಡದ ಬುಡದಲ್ಲಿ ಇಳಿಯುತ್ತಿದ್ದೆ. ಅಲ್ಲೇ ಆಫೀಸು, ಅಲ್ಲೇ ವರ್ಕ್‌ಶಾಪು, ಅದರ ಪಕ್ಕದಲ್ಲಿ ತಗಡಿನ ಮಾಡಿನ ದೊಡ್ಡ ಕ್ಯಾಂಟೀನು. ಅಕ್ಕಾರು ಆ ಕ್ಯಾಂಟೀನಿನ ಮೇಲ್ವಿಚಾರಕಿ. ಅವರ ಕೈಕೆಳಗೆ ಸುತ್ತಲಿನ ಊರುಗಳ ಹತ್ತು ಹೆಣ್ಣುಮಕ್ಕಳು.

ಹುಟ್ಟಿದ್ದು ಕಂಪ್ಲಿ ಕಡೆಯ ಮೆಟ್ರಿ. ನೀರಾವರಿ ಹೊಲದಲ್ಲಿ ನಾಟಿ ಮಾಡುತ್ತ ಬೆಳೆದವರು. ಏಳನೇ ಇಯತ್ತೆಗೆ ಶಾಲೆ ಬಿಟ್ಟಿದ್ದರು. ಎತ್ತರದ ಆಳು, ದೊಡ್ಡ ಹೆಜ್ಜೆ, ಅದಕ್ಕಿಂತ ದೊಡ್ಡ ನಗು. ಸಿಟ್ಟು ಬಂದಾಗ ನನ್ನನ್ನು "ಸರ" ಎನ್ನುತ್ತಿದ್ದರು, ಖುಷಿಯಾದಾಗ "ತಮ್ಮಾ" ಎನ್ನುತ್ತಿದ್ದರು. ಮೊದಲ ಮೂರು ನಾಲ್ಕು ವಾರ ನಾನು ಬರೀ ಸರ.

ಅದಕ್ಕೆ ಕಾರಣವಿತ್ತು. ಗಣಿಯಲ್ಲಿ ಜನ ಒಂದಕ್ಕೆ ಮೂರಾಗಿದ್ದರು, ಕ್ಯಾಂಟೀನು ಮಾತ್ರ ಮೊದಲಿನಷ್ಟೇ ಇತ್ತು. ಊಟದ ಬಿಡುವು ಅರ್ಧ ಗಂಟೆ. ಅಷ್ಟರಲ್ಲಿ ಗುಡ್ಡದ ಮೇಲಿಂದ ಇಳಿದು, ಸಾಲಿನಲ್ಲಿ ನಿಂತು, ಉಂಡು, ಮತ್ತೆ ಮೇಲೆ ಹೋಗಬೇಕು. ಸಾಲಿನಲ್ಲೇ ಬಿಡುವು ಮುಗಿಯುತ್ತಿತ್ತು. ಮೇಲೆ ಯಂತ್ರಗಳು ನಿಂತಿರುತ್ತಿದ್ದವು, ಕೆಳಗೆ ಜನ ಬೈಯುತ್ತಿದ್ದರು. ಒಂದು ದಿನ ಇಬ್ಬರು ಟಿಪ್ಪರ್ ಡ್ರೈವರುಗಳು ಸಾಲಿಗಾಗಿ ತಾಟು ಹಿಡಿದುಕೊಂಡೇ ಜಗಳಕ್ಕೆ ಬಿದ್ದರು. ಮರುದಿನ ನಮ್ಮ ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದು ಹೇಳಿದರು: "ಒಂದು ತಿಂಗಳು ನೋಡೋಣ. ಸುಧಾರಿಸಿದ್ರೆ ಸರಿ. ಇಲ್ಲ ಅಂದ್ರೆ ಹೊರಗಿನ ಕಾಂಟ್ರಾಕ್ಟರು ಪೊಟ್ಟಣ ಕಟ್ಟಿದ ಊಟ ತರ್ತಾನೆ, ಕ್ಯಾಂಟೀನ್ ಮುಚ್ಚೋದು. ಏನು ಮಾಡಬಹುದು ಅಂತ ನೀವೊಂದು ವರದಿ ಬರೀರಿ."

ಮುಚ್ಚುವುದೆಂದರೆ ಹನ್ನೊಂದು ಹೆಣ್ಣುಮಕ್ಕಳ ಕೆಲಸ ಹೋಗುವುದು. ನನಗೋ ಆ ವಯಸ್ಸಿನಲ್ಲಿ ವರದಿಯ ಮೇಲೆ ಅಪಾರ ನಂಬಿಕೆ. ಐದು ದಿನ ಕೂತು ಇಪ್ಪತ್ತೇಳು ಪುಟ ಬರೆದೆ. ಹೊಸ ಕಟ್ಟಡ, ಹೊಸ ಯಂತ್ರ, ಆರು ತಿಂಗಳ ವೇಳಾಪಟ್ಟಿ, ಬಣ್ಣಬಣ್ಣದ ನಕ್ಷೆ ಎಲ್ಲ ಇತ್ತು. ಅದನ್ನು ಹಿಡಿದು ಕ್ಯಾಂಟೀನಿಗೆ ಹೋದೆ. ಅಕ್ಕಾರು ಬದನೆಕಾಯಿ ಹೆಚ್ಚುತ್ತ ಕೂತಿದ್ದರು. ಇಂಗ್ಲಿಷಿನಲ್ಲಿದ್ದುದನ್ನು ನಾನು ಪುಟಪುಟವಾಗಿ ಕನ್ನಡದಲ್ಲಿ ಹೇಳಿದೆ. ನಡುವೆ ಒಂದು ಮಾತೂ ಆಡದೆ ಪೂರ್ತಿ ಕೇಳಿದರು. ಕೊನೆಗೆ ಕೈ ಒರೆಸಿಕೊಂಡು ಅಂದರು:

"ಭಾಳ ಚಂದ ಐತ್ರಿ ಸರ. ಇದರಾಗ ನಾಳಿ ಮಧ್ಯಾನಕ್ಕ ಆಗೂದು ಯಾವ್ದು?"

ನಾನು ಪುಟ ತಿರುವಿದೆ. ಮತ್ತೆ ತಿರುವಿದೆ. ಹತ್ತೊಂಬತ್ತನೇ ಪುಟದಲ್ಲಿ ಒಂದು ಸಾಲು ಸಿಕ್ಕಿತು: ಬಡಿಸಲು ಎರಡನೇ ಕಿಟಕಿ.

"ಅದನ್ನ ಮಾಡಾನ. ಉಳದ ಪುಸ್ತಕ ಅಲ್ಲಿಡ್ರಿ, ಎಣ್ಣಿ ಬೀಳತೈತಿ."

ಮರುದಿನ ಎರಡನೇ ಕಿಟಕಿ ತೆರೆಯಿತು. ಪೂರಾ ಕೆಟ್ಟಿತು. ರೊಟ್ಟಿ ಬರುವುದು ಒಂದೇ ಒಲೆಸಾಲಿನಿಂದ. ಎರಡು ಕಿಟಕಿಗಳ ನಡುವೆ ರೊಟ್ಟಿ ಬುಟ್ಟಿ ಹಿಡಿದು ಓಡಾಡಿದ ಹುಡುಗಿ ಸುಸ್ತಾದಳು, ಒಂದು ಸಾಲಿದ್ದಲ್ಲಿ ಎರಡು ಸಾಲು ಬೈಯತೊಡಗಿದವು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಕ್ಕಾರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೋದ್ರ ಒಂದು ಮಧ್ಯಾನ ಹೋತು, ಬಿಡ್ರಿ. ನಿಮ್ಮ ಪುಸ್ತಕದಂಗ ಮಾಡಿದ್ರ ಆರು ತಿಂಗಳು ಹೋಗಿರ್ತಿತ್ತು. ಈಗೇನು ಗೊತ್ತಾತು? ಕಿಟಕಿ ಸಾಲಲಿಲ್ಲ ಅಂತಲ್ಲ, ರೊಟ್ಟಿ ಸಾಲಲಿಲ್ಲ ಅಂತ."

ಮರುದಿನ ಬೆಳಿಗ್ಗೆಯಿಂದ ಅವರ ಸಭೆ ಶುರುವಾಯಿತು. ಒಲೆ ಹಚ್ಚುವ ಮುಂಚೆ ಸೌಟಿನಿಂದ ಪಾತ್ರೆಗೆ ಮೂರು ಸಲ ಬಡಿಯುತ್ತಿದ್ದರು. ಎಲ್ಲರೂ ಬಂದು ಸುತ್ತ ನಿಲ್ಲಬೇಕು. ಕೂರುವ ಹಾಗಿಲ್ಲ. "ಕುಂತ್ರ ಮಾತು ಬೇರು ಬಿಡ್ತಾವು" ಎನ್ನುತ್ತಿದ್ದರು. ಒಬ್ಬೊಬ್ಬರಿಗೂ ಮೂರೇ ಪ್ರಶ್ನೆ. ನಿನ್ನೆ ಏನಾಯಿತು, ಇವತ್ತೇನು ಮಾಡುತ್ತೀ, ಎಲ್ಲಿ ಸಿಕ್ಕಿಕೊಂಡಿದ್ದೀ. ಒಂದು ಟೀ ಕುದಿಸುವಷ್ಟು ಹೊತ್ತಿನಲ್ಲಿ ಮಾತು ಮುಗಿಯುತ್ತಿತ್ತು. ಸ್ಟೋರಿನಿಂದ ಒಂದು ಹಳೆಯ ಬಾಗಿಲು ತರಿಸಿ, ಅದಕ್ಕೆ ಕಪ್ಪು ಬಣ್ಣ ಬಳಿಸಿ ಗೋಡೆಗೆ ಒರಗಿಸಿದ್ದರು. ಅದರ ಮೇಲೆ ಸೀಮೆಸುಣ್ಣದಲ್ಲಿ ಮೂರು ಮನೆ: ಮಾಡಬೇಕಾದದ್ದು, ಮಾಡುತ್ತಿರುವುದು, ಆದದ್ದು. ಅರ್ಧ ಜನಕ್ಕೆ ಓದು ಬರುತ್ತಿರಲಿಲ್ಲವಾದ್ದರಿಂದ ಎಲ್ಲವೂ ಚಿತ್ರ. ರೊಟ್ಟಿಗೆ ಒಂದು ದುಂಡು, ಪಲ್ಯಕ್ಕೆ ಒಂದು ಬದನೆಕಾಯಿ. ಯಾವುದರ ಬಗ್ಗೆ ದೂರು ಬಂದಿದೆಯೋ ಅದರ ಪಕ್ಕ ಒಂದು ಮೆಣಸಿನಕಾಯಿ. ಅಕ್ಕಾರ ಚಿತ್ರಕಲೆ ಎಷ್ಟು ಕೆಟ್ಟದಾಗಿತ್ತೆಂದರೆ ಬದನೆಕಾಯಿಯನ್ನು ಒಂದು ವಾರ ನಾನು ಇಲಿ ಎಂದುಕೊಂಡಿದ್ದೆ.

ಯಾರಿಗೆ ಏನು ಇಷ್ಟ ಎಂದು ಅವರು ಕೇಳುತ್ತಿರಲಿಲ್ಲ. ಊಟದ ಹೊತ್ತಿಗೆ ತಾಟು ತೊಳೆಯುವ ಜಾಗದಲ್ಲಿ ಹೋಗಿ ನಿಲ್ಲುತ್ತಿದ್ದರು. ಯಾವ ತಾಟಿನಲ್ಲಿ ಏನು ಉಳಿದಿದೆ ನೋಡುತ್ತಿದ್ದರು. "ಬಾಯಿ ಮುಲಾಜಿಗೆ ಚೊಲೊ ಐತಿ ಅಂತೈತಿ. ತಾಟಿಗೆ ಮುಲಾಜಿಲ್ಲ." ತಾಟಿನಲ್ಲಿ ಉಳಿದ ಸಾರು ನೋಡಿ ಕಿಟಕಿಯತ್ತ ಕಣ್ಣಿಟ್ಟಾಗಲೇ, ಬಡಿಸುವಲ್ಲಿ ಪಲ್ಯ, ಸಾರಿಗಾಗಿ ಹೊತ್ತು ಹೋಗುತ್ತಿದೆ ಎಂದು ಕಂಡುಕೊಂಡರು. ಒಬ್ಬ ಸಾರು ಬೇಡ ಎನ್ನುವುದು, ಇನ್ನೊಬ್ಬ ಇನ್ನಷ್ಟು ಎನ್ನುವುದು. ಒಂದೇ ಒಂದು ಮೇಜಿನ ಮೇಲೆ ಪಲ್ಯದ, ಸಾರಿನ ಪಾತ್ರೆಗಳನ್ನು ಇಟ್ಟು ಎರಡು ದಿನ ನೋಡಿದರು. ಆ ಮೇಜಿನವರು ಎಲ್ಲರಿಗಿಂತ ಮೊದಲು ಎದ್ದರು, ತಾಟಿನಲ್ಲಿ ಏನೂ ಉಳಿಯಲಿಲ್ಲ. ಮೂರನೇ ದಿನ ಎಲ್ಲ ಮೇಜಿಗೂ ಬಂತು. ಬಾಗಿಲಿನ ಮೇಲೆ ಎರಡು ಮೆಣಸಿನಕಾಯಿ ಅಳಿಸಿಹೋದವು.

ಆದರೆ ರೊಟ್ಟಿ ಮಾತ್ರ ಇನ್ನೂ ತಡವಾಗುತ್ತಿತ್ತು. ರೊಟ್ಟಿ ಬಡಿಯುವವರಲ್ಲಿ ಹಿರಿಯರು ಹನುಮಕ್ಕ. ಬೆಳಿಗ್ಗೆ ಅವರ ಕೈ ಕಣ್ಣಿಗೆ ಕಾಣದಷ್ಟು ಜಲ್ದಿ, ಮಧ್ಯಾಹ್ನದ ಹೊತ್ತಿಗೆ ನಿಧಾನ. ಸಭೆಯಲ್ಲಿ ಅವರದು ದಿನವೂ ಒಂದೇ ಉತ್ತರ.

"ಎಲ್ಲಿ ಸಿಕ್ಕೊಂಡೀದಿ ಹನುಮಕ್ಕ?"

"ಏನಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಕೇಳುವುದನ್ನು ನಿಲ್ಲಿಸುತ್ತಿದ್ದರು. ಅಕ್ಕಾರು ನಿಲ್ಲಿಸಲಿಲ್ಲ, ಒತ್ತಾಯಿಸಲೂ ಇಲ್ಲ. ಎಂಟೋ ಒಂಬತ್ತೋ ದಿನ "ಏನಿಲ್ಲ" ಕೇಳಿದ ಮೇಲೆ ಒಂದು ಬೆಳಿಗ್ಗೆ ಹನುಮಕ್ಕ ನೆಲ ನೋಡುತ್ತ ಹೇಳಿದರು: "ಮಣಕಾಲು ಯಾವ್ವ. ನೆಲದ ಮ್ಯಾಲ ಕುಂತು ಬಡದು ಬಡದು, ಬಿಸಲೇರಿದ ಮ್ಯಾಲ ಕಾಲು ಮಡಚಾಕ ಆಗವಲ್ದು. ಹೇಳಿದ್ರ ಕೆಲಸದಿಂದ ತಗದುಬಿಡ್ತೀರಿ ಅಂತ ಹೇಳಲಿಲ್ಲ."

ಆಮೇಲೆ ಇನ್ನೊಬ್ಬಾಕೆ ತನಗೂ ಸೊಂಟ ನೋವು ಎಂದಳು. ಮತ್ತೊಬ್ಬಾಕೆ ತನಗೂ ಎಂದಳು. ಅಕ್ಕಾರು ಹನುಮಕ್ಕನ ಹೆಗಲ ಮೇಲೆ ಕೈಯಿಟ್ಟು, "ಇದನ್ನ ಹೇಳಾಕ ಇಷ್ಟು ದಿನ ಬೇಕಾತೇನು? ತಪ್ಪು ನಂದ ಬಿಡು, ಕೇಳಿದೆ ಹೊರ್ತು ನೋಡಲಿಲ್ಲ" ಎಂದರು. ನನ್ನ ಕಡೆ ತಿರುಗಿದರು. "ಇಟ್ಟಂಗಿ ಬೇಕ್ರಿ."

ನಾನು ಸಿವಿಲ್ ವಿಭಾಗಕ್ಕೆ ಹೋಗಿ ಇಟ್ಟಿಗೆ, ಸಿಮೆಂಟು ತಂದೆ, ಗಾರೆಯವನನ್ನೂ ಕರೆತಂದೆ. ಅಕ್ಕಾರು ಗಾರೆಯವನನ್ನು ತಡೆದರು. "ಸಿಮೆಂಟ್ ಬ್ಯಾಡಣ್ಣ. ಒಮ್ಮಿ ಕಟ್ಟಿದ್ರ ತಪ್ಪಾದ್ರೂ ಅದನ್ನ ಮುದ್ದು ಮಾಡಬೇಕಾಗತೈತಿ. ಮೊದ್ಲು ಹಂಗ ಪೇರಿಸಿ ನೋಡಾನ." ಗ್ಯಾಸಿನ ಒಲೆಯನ್ನೂ ರೊಟ್ಟಿ ಬಡಿಯುವ ಹಲಗೆಯನ್ನೂ ಬರಿಯ ಇಟ್ಟಿಗೆಗಳ ಮೇಲೆ ಇಟ್ಟರು. ಹನುಮಕ್ಕ ನಿಂತು ಒಂದು ರೊಟ್ಟಿ ಬಡಿದರು. "ಇನ್ನೊಂದು ವರಸಿ ಏರಸ್ರಿ." ಏರಿಸಿದರು. "ಇನ್ನೊಂದು." ಏರಿಸಿದರು. "ಇದು ಜಾಸ್ತಿ ಆತು, ಒಂದು ತಗೀರಿ." ತೆಗೆದರು. ಹೀಗೆ ನಾಲ್ಕು ದಿನ, ಎಲ್ಲರ ಎತ್ತರ ನೋಡಿ, ಏರಿಸಿ ಇಳಿಸಿ, ಕೊನೆಗೆ ಹೆಣ್ಣುಮಕ್ಕಳೆಲ್ಲ ಒಪ್ಪಿದ ಮೇಲೆ ಗಾರೆಯವನಿಗೆ ಸಿಮೆಂಟು ಕಲೆಸಲು ಹೇಳಿದರು. ಆ ವಾರ ರೊಟ್ಟಿ ಬಿಡುವಿಗಿಂತ ಮುಂಚೆಯೇ ಬುಟ್ಟಿ ತುಂಬಿ ಕಾಯುತ್ತಿತ್ತು. ಅವತ್ತೇ ನಾನು ಮೊದಲ ಸಲ ತಮ್ಮ ಆದೆ.

ಒಮ್ಮೆ ಬಾಯಿ ಬಿಟ್ಟ ಹನುಮಕ್ಕ ಮತ್ತೆ ಮುಚ್ಚಲಿಲ್ಲ. ಸಾಹೇಬರು ಕೊಟ್ಟ ತಿಂಗಳು ಮುಗಿಯಲು ಇನ್ನು ಎಂಟು ದಿನ ಉಳಿದಿತ್ತು. ಸಾಲು ಕರಗಿದ್ದರೂ ಗುಡ್ಡ ಇಳಿದು ಹತ್ತುವ ಹೊತ್ತು ಹಾಗೇ ಇತ್ತು. ಒಂದು ಬೆಳಿಗ್ಗೆ ಹನುಮಕ್ಕ ಕೇಳಿದರು: "ಹೊಲದಾಗ ದುಡಿಯೋ ಮಂದಿ ಉಣ್ಣಾಕ ಊರಿಗೆ ಬರ್ತಾರೇನು? ನಾವ ಬುತ್ತಿ ಒಯ್ಯಂಗಿಲ್ಲೇನು?"

ಅಕ್ಕಾರು ಸೌಟು ಕೆಳಗಿಟ್ಟರು. "ಏ, ಇವಳ ಮಾತು ಕೇಳ್ರಲೇ!"

ಅವತ್ತೇ ಮಧ್ಯಾಹ್ನ ಜೀಪಿನಲ್ಲಿ ಒಂದು ತಂಡಕ್ಕೆ ಮಾತ್ರ ಊಟ ಮೇಲೆ ಹೋಯಿತು. ಪಲ್ಯದ ಮೇಲೆ ಕೆಂಪು ಧೂಳು ಕೂತಿತು, ಉಂಡವರ ಹಲ್ಲು ಕರಕರ ಎಂದಿತು. ಬಾಗಿಲಿನ ಮೇಲೆ ದೊಡ್ಡದೊಂದು ಮೆಣಸಿನಕಾಯಿ ಬಿತ್ತು. ಧೂಳು ತಡೆಯಲು ಮುಚ್ಚಿದ ಗಾಡಿ ಬೇಕೆಂದಾಯಿತು. ವರ್ಕ್‌ಶಾಪಿನ ಹಿಂದೆ ಸೀಟು ಹರಿದ ಹಳೆಯ ಶಿಫ್ಟ್ ಬಸ್ಸೊಂದು ನಿಂತಿತ್ತು. ಫೋರ್‌ಮನ್ ಅದರ ಎಂಜಿನ್ನು ಚೆನ್ನಾಗಿದೆ ಎಂದರು. ಅರ್ಧ ಸೀಟು ಕಿತ್ತು ಹಲಗೆಯ ಮೇಜು ಹಾಕಿದರು, ಕಿಟಕಿಗಳಿಗೆ ಗಾಜು ಕೂರಿಸಿದರು. ಮರುದಿನ ಹೊರಟ ಬಸ್ಸು ಎರಡನೇ ತಿರುವಿನಲ್ಲಿ ವಾಲಿದಾಗ ಸಾರೆಲ್ಲ ನೆಲದ ಪಾಲಾಯಿತು. ಸಾರಿನಲ್ಲಿ ಒದ್ದೆಯಾದ ಸೀರೆಯಲ್ಲೇ ಅಕ್ಕಾರು ವರ್ಕ್‌ಶಾಪಿಗೆ ಹೋಗಿ ಎಲ್ಲರನ್ನೂ ಕರೆದು ಕೇಳಿದರು: "ತಿರುವಿನಾಗ ಪಾತ್ರಿ ಅಲುಗಬಾರ್ದು. ಯಾರರ ಹೇಳ್ರಪ್ಪ." ಟೈರು ರಿಪೇರಿ ಮಾಡುವ ಮಹಬೂಬ್ ಅಣ್ಣ ಸ್ವಲ್ಪ ಹೊತ್ತು ಪಾತ್ರೆಯನ್ನೇ ನೋಡಿ, ಹೋಗಿ ಒಂದು ಸವೆದ ಟೈರು ಉರುಳಿಸಿಕೊಂಡು ಬಂದರು. ಅದರ ನಡುವೆ ಪಾತ್ರೆ ಇಟ್ಟರು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಟೈರುಗಳನ್ನು ತಿಕ್ಕಿ ತಿಕ್ಕಿ ತೊಳೆದು, ಬಟ್ಟೆ ಸುತ್ತಿ, ಬಸ್ಸಿನ ನೆಲಕ್ಕೆ ಬಿಗಿದರು.

ಮೂರನೇ ದಿನದ ಪಯಣ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಸುರಕ್ಷತಾ ಅಧಿಕಾರಿ ಎಲ್ಲರಿಗೂ ಹಳದಿ ಹೆಲ್ಮೆಟ್ ಕೊಟ್ಟಿದ್ದರು. ತುರುಬಿನ ಮೇಲೆ ಅದು ಕೂರಲೊಲ್ಲದು. "ತುರುಬು ಕೆಳಗಿಳಸ್ರಿ, ಹೆಲ್ಮೆಟ್ ಏರಸ್ರಿ" ಎಂದು ಅಕ್ಕಾರು ಕೂಗುತ್ತಿದ್ದರು. ವರ್ಷಗಟ್ಟಲೆ ಗುಡ್ಡದ ಬುಡದಲ್ಲಿ ರೊಟ್ಟಿ ಬಡಿದ ಆ ಹೆಣ್ಣುಮಕ್ಕಳು ಯಾರೂ ಒಮ್ಮೆಯೂ ಮೇಲೆ ಹೋಗಿರಲಿಲ್ಲ. ಬಸ್ಸು ಕೊನೆಯ ತಿರುವು ದಾಟಿ ಗಣಿ ಕಂಡಾಗ ಎಲ್ಲರೂ ಕಿಟಕಿಗಳ ಕಡೆ ಸರಿದರು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕೆಂಪು ಗುಡ್ಡ, ಅದರ ತಳದಲ್ಲಿ ಆಟಿಕೆಯಷ್ಟು ಸಣ್ಣದಾಗಿ ಕಾಣುವ ಟಿಪ್ಪರುಗಳು. "ಅಯ್ಯ, ನನ್ನ ತಮ್ಮ ಇದರಾಗ ಎಲ್ಲಿ ಇರ್ತಾನ ಯಾವ್ವ!" ಎಂದು ಒಬ್ಬಾಕೆ ಕಿಟಕಿಗೆ ಮುಖ ಒತ್ತಿದಳು. ಸಾರು ಒಂದು ಹನಿಯೂ ಚೆಲ್ಲಿರಲಿಲ್ಲ. ಬಿಸಿ ಇನ್ನೂ ಆರಿರಲಿಲ್ಲ. ಆಕೆಯ ತಮ್ಮ ಬಂದ, ಅಕ್ಕನ ತಲೆಯ ಮೇಲಿನ ಹೆಲ್ಮೆಟ್ ನೋಡಿ ಗುರುತು ಹತ್ತದೆ ತಾಟು ಚಾಚಿದ. ಆಕೆ ರೊಟ್ಟಿ ಹಾಕುತ್ತ "ಕೈ ತೊಳದೀಯೇನಲೇ?" ಎಂದಾಗ ಅವನ ಮುಖ ನೋಡಬೇಕಿತ್ತು. ಇಡೀ ಬಸ್ಸು ನಕ್ಕಿತು.

ತಿಂಗಳ ಕೊನೆಯ ದಿನ ಮ್ಯಾನೇಜರ್ ಸಾಹೇಬರು ತಾವೇ ಬಸ್ಸು ಹತ್ತಿದರು. ಕೆಲಸಗಾರರ ನಡುವೆ ಕೂತು ಎರಡು ರೊಟ್ಟಿ ಉಂಡರು, ಮೂರನೆಯದನ್ನು ಕೇಳಿ ಹಾಕಿಸಿಕೊಂಡರು. ಗಡಿಯಾರ ನೋಡಿದರು. ಬಿಡುವು ಮುಗಿಯಲು ಇನ್ನೂ ಹತ್ತು ನಿಮಿಷವಿತ್ತು, ಕೆಲವರು ಬಸ್ಸಿನ ನೆರಳಿನಲ್ಲಿ ಅಡ್ಡಾಗಿದ್ದರು.

"ಇದನ್ನೆಲ್ಲ ಹೆಂಗೆ ಪ್ಲಾನ್ ಮಾಡಿದ್ರಿ?" ಎಂದು ಕೇಳಿದರು.

"ಪ್ಲಾನು ಇವರ ಹತ್ರ ಐತ್ರಿ" ಎಂದು ಅಕ್ಕಾರು ನನ್ನ ಕಡೆ ಕೈ ತೋರಿಸಿದರು. "ನಾವು ದಿನಾ ಒಂದೀಟು ಬದ್ಲಿ ಮಾಡಿದ್ವಿ. ಕೆಟ್ಟದ್ದನ್ನ ಬಿಟ್ವಿ, ಚೊಲೊ ಆದದ್ದನ್ನ ಇಟ್ಕೊಂಡ್ವಿ. ಅಷ್ಟ."

ಕ್ಯಾಂಟೀನು ಉಳಿಯಿತು. ಅಷ್ಟೇ ಅಲ್ಲ, ಅವರ ಗಾಳಿ ಇಡೀ ಕಂಪನಿಗೆ ಬೀಸಿತು. ವರ್ಕ್‌ಶಾಪಿನ ಫೋರ್‌ಮನ್ ತಾವೂ ಒಂದು ಕಪ್ಪು ಹಲಗೆ ಹಾಕಿ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಮಾತಾಡತೊಡಗಿದರು. ರಿಪೇರಿಗೆ ಬಂದ ಗಾಡಿ ಯಾಕೆ ನಿಂತಿದೆ ಎಂಬುದು ಆ ಹಲಗೆ ನೋಡಿದ ಯಾರಿಗೂ ತಿಳಿಯುತ್ತಿತ್ತು. ಆಫೀಸಿನಲ್ಲೂ ನಿಂತ ಮೀಟಿಂಗು ಶುರುವಾಯಿತು. ಆದರೆ ಅಲ್ಲಿ ಸಾಹೇಬರುಗಳಿಗೆ ಕುರ್ಚಿ, ಉಳಿದವರಿಗೆ ಮಾತ್ರ ನಿಲ್ಲುವ ಭಾಗ್ಯ. ಮಾತು ಒಂದು ಗಂಟೆ. ಟೀ ತಂದ ಅಕ್ಕಾರು ಬಾಗಿಲಲ್ಲಿ ಐದು ನಿಮಿಷ ನೋಡಿ, "ಇದು ನಿಂತ ಮೀಟಿಂಗ್ ಅಲ್ರಿ, ನಿಂತುಹೋದ ಮೀಟಿಂಗ್" ಎಂದು ಹೋದರು. ಮರುದಿನ ಕುರ್ಚಿಗಳು ಮಾಯವಾದವು.

ಅವರು ಮಾಡಿದ್ದೆಲ್ಲ ಸರಿಯಾಯಿತೆಂದಲ್ಲ. ಬದಲಾಯಿಸುವ ಹುಚ್ಚಿನಲ್ಲಿ ಒಮ್ಮೆ ಚೆನ್ನಾಗಿದ್ದ ಟೀಗೇ ಕೈ ಹಾಕಿದರು, ಮೆಣಸು, ಶುಂಠಿ, ಅದೇನೇನೋ ಬೇರು ಹಾಕಿದರು. ಟಿಪ್ಪರ್ ಡ್ರೈವರುಗಳು ಒಟ್ಟಾಗಿ ಬಂದು, "ಅಕ್ಕಾರ, ಕೆಮ್ಮು ಇಲ್ದವರಿಗೆ ಬ್ಯಾರೆ ಟೀ ಕೊಡ್ರಿ" ಎಂದು ಕೈ ಮುಗಿದರು. ಅಕ್ಕಾರು ಎರಡು ದಿನ ಮುಖ ಊದಿಸಿಕೊಂಡಿದ್ದರು, ಮೂರನೇ ದಿನ ಹಳೆಯ ಟೀ ಬಂತು. ಬಾಗಿಲಿನ ಮೇಲೆ ತಾವೇ ತಮ್ಮ ಚಿತ್ರ ಬರೆದು ಅದರ ಪಕ್ಕ ಮೆಣಸಿನಕಾಯಿ ಹಾಕಿಕೊಂಡಿದ್ದರು.

ಎಷ್ಟೋ ವರ್ಷಗಳ ಮೇಲೆ, ಬೇರೆ ಕಂಪನಿಯಲ್ಲಿದ್ದಾಗ, ನನ್ನನ್ನು ಎರಡು ದಿನದ ತರಬೇತಿಗೆ ಕಳಿಸಿದರು. ಅಲ್ಲಿ ‘ಅಜೈಲ್’ ಎಂಬ ಪದ್ಧತಿಯ ಬಗ್ಗೆ ಪಾಠ. ದಿನವೂ ನಿಂತು ಮಾತಾಡಿ, ಗೋಡೆಯ ಮೇಲೆ ಕೆಲಸ ಕಾಣುವಂತೆ ಬರೆಯಿರಿ, ಸಣ್ಣದಾಗಿ ಮಾಡಿ ನೋಡಿ, ಕಲಿತು ಬದಲಿಸಿ. ಎಲ್ಲರೂ ಬರೆದುಕೊಳ್ಳುತ್ತಿದ್ದರು, ನನಗೆ ನಗು ತಡೆಯಲಾಗಲಿಲ್ಲ. ಊಟದ ಬಿಡುವಿನಲ್ಲಿ ಸಂಡೂರಿಗೆ ಫೋನು ಮಾಡಿದೆ.

"ಅಕ್ಕಾರ, ನೀವು ಮಾಡ್ತಿದ್ದದ್ದಕ್ಕ ಇಂಗ್ಲಿಷಿನಾಗ ಹೆಸರೈತ್ರಿ. ಅಜೈಲ್ ಅಂತ."

"ಜೈಲಾ? ಅಂಥಾದ್ದು ನಾನೇನು ಮಾಡೀನೋ ತಮ್ಮಾ!"

ವಿವರಿಸಿದೆ. ಪೂರ್ತಿ ಕೇಳಿ, "ಎರಡು ದಿನ ಕುಂದ್ರಿಸಿ ಹೇಳಾಕತ್ತಾರೇನು? ಅಲ್ಲೇ ತಪ್ಪಿದಾರ" ಎಂದು ಫೋನಿಟ್ಟರು.

ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಣ್ಣ ಮುಂದೆ ಬರುವುದು ಊಟದ ಬಸ್ಸು ಶುರುವಾದ ಮರುವರ್ಷದ ಒಂದು ಬೆಳಿಗ್ಗೆ. ಅಲ್ಲಿಯವರೆಗೆ ಹಂಗಾಮಿಯಾಗಿದ್ದ ಕ್ಯಾಂಟೀನಿನ ಹೆಣ್ಣುಮಕ್ಕಳನ್ನೆಲ್ಲ ಕಂಪನಿ ಕಾಯಂ ಮಾಡಿಕೊಂಡಿತ್ತು. ಹನ್ನೊಂದು ಪತ್ರಗಳನ್ನು ಹಿಡಿದು ಹೋದವನು ನಾನೇ. ಒಬ್ಬೊಬ್ಬರೂ ಕೈ ತೊಳೆದು, ಸೆರಗಿಗೆ ಒರೆಸಿ, ಪ್ರಸಾದ ತೆಗೆದುಕೊಳ್ಳುವ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡರು. ಹನುಮಕ್ಕ ತಮ್ಮ ಪತ್ರವನ್ನು ನನಗೇ ತಿರುಗಿ ಕೊಟ್ಟರು.

"ಓದ್ರಿ."

ಓದಿದೆ. ಹೆಸರು, ಗಂಡನ ಹೆಸರು, ಊರು, ‘ಮುಖ್ಯ ಅಡುಗೆ ಸಹಾಯಕಿ’ ಎಂಬ ಹುದ್ದೆ.

"ಹೆಸರು ಇನ್ನೊಮ್ಮೆ ಓದ್ರಿ."

ಓದಿದೆ. ಹನುಮಕ್ಕ ಬೆರಳಿಟ್ಟು, "ಇದ ಏನು ನಾನು?" ಎಂದು ಕೇಳಿದರು. ಹೌದೆಂದೆ. ಬೆರಳನ್ನು ಆ ಅಕ್ಷರಗಳ ಮೇಲೆ ಮೆಲ್ಲಗೆ ಎಳೆದರು, ಉಗುರಿನಲ್ಲಿ ಉಳಿದಿದ್ದ ಹಿಟ್ಟಿನ ಬಿಳಿಯ ಗೆರೆಯೊಂದು ಹೆಸರಿನ ಮೇಲೆ ಮೂಡಿತು. ಉಳಿದವರೂ ಸುತ್ತ ಸೇರಿ ತಂತಮ್ಮ ಹೆಸರು ಓದಿಸಿಕೊಂಡರು. ಒಂದೊಂದು ಹೆಸರಿಗೂ ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕಾರು ಮಾತ್ರ ಬೆನ್ನು ಹಾಕಿ ಒಲೆಯ ಮುಂದೆ ನಿಂತಿದ್ದರು. ಅವರ ಪತ್ರ ಬಿಚ್ಚದೆ ಹಾಗೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

"ಅಕ್ಕಾರ, ನಿಮ್ದು ಓದ್ಲೇನ್ರಿ?" ಎಂದೆ.

ಸೆರಗಿನಿಂದ ಮುಖ ಒರೆಸಿಕೊಂಡು ತಿರುಗಿದರು. ಕಣ್ಣು ಕೆಂಪಾಗಿತ್ತು, ಬಾಯಿ ತುಂಬ ನಗು.

"ನಂದು ಎಲ್ಲಿ ಓಡಿ ಹೊಕ್ಕೈತಿ, ಇರ್ಲಿ. ಅಲ್ಲಿ ಮಂದಿ ಹಸದು ಕುಂತಾರ. ಹತ್ರೆವ್ವಾ, ಹತ್ರಿ!"

ಹನ್ನೊಂದು ಜನ ಕಾಯಂ ನೌಕರರು ರೊಟ್ಟಿ ಬುಟ್ಟಿ ಎತ್ತಿಕೊಂಡು, ಒಬ್ಬರನ್ನೊಬ್ಬರು ನೂಕುತ್ತ, ನಗುತ್ತ ಬಸ್ಸು ಹತ್ತಿದರು.